ಒಂದೇ ಸಾಲಿನ ಕೆಲಸ ಅಂತೆ!

"ಒಂದೇ ಸಾಲು ಕೋಡ್ ಬದಲಾಯಿಸಿದ್ರೆ ಆಯ್ತಲ್ವಾ?" ಅಂತ ಬೆಂಗಳೂರಿನಿಂದ ಮೆಸೇಜು. ಈ ಪುಣ್ಯಾತ್ಮರನ್ನು ಶಿರಸಿಗೆ ಕರೆಸಿ, ಆಷಾಢದ ಮಳೆಯಲ್ಲಿ ನಮ್ಮನೆ ಜಗುಲಿ ಮೇಲೆ ಕೂರಿಸಿ ಈ ಕೆಲಸ ಕೊಡಬೇಕು.

ನಮ್ಮ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲೊಂದು ಗಡಿಯಾರದ ಚಿಪ್ ಇದೆ. ಕರೆಂಟ್ ಹೋದರೂ ಬಟನ್ ಸೆಲ್ ಮೇಲೆ ಟೈಮ್ ಕಾಪಾಡುವುದು ಅದರ ಕೆಲಸ. ಅದರ ಡ್ರೈವರನ್ನು, ಅಂದರೆ ಆ ಚಿಪ್ಪನ್ನು ನಡೆಸುವ ಕೋಡನ್ನು, ಯಾರೋ ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.9 ಆವೃತ್ತಿಯ ಕಾಲದಲ್ಲಿ ಬರೆದು, ಒಂದೂ ಕಾಮೆಂಟ್ ಹಾಕದೆ ಕೆಲಸ ಬಿಟ್ಟು ಹೋಗಿದ್ದಾರೆ. ಈಗ ಅದನ್ನು 6.1ಕ್ಕೆ ಏರಿಸಬೇಕು. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಕರ್ನಲ್ ಎರಡು ತಿಂಗಳು ದಾಟಿದರೆ ಸಾಕು, ಹೊಸದು ರೆಡಿ.

ಮೊದಲೆಲ್ಲ ಒಂದೇ ಫಂಕ್ಷನ್ ಕರೆಯಲ್ಲಿ ಗಡಿಯಾರದ ಹೆಸರು, ಆಪ್ಸ್ (ಟೈಮ್ ಓದುವ, ಬರೆಯುವ ಫಂಕ್ಷನ್‌ಗಳ ಪಟ್ಟಿ) ಎಲ್ಲ ಕೊಟ್ಟರೆ ಕರ್ನಲ್‌ನಲ್ಲಿ ಅದರ ರಿಜಿಸ್ಟರ್ ಮುಗಿಯುತ್ತಿತ್ತು. 2017ರಲ್ಲಿ, 4.13ರಿಂದ, ಅದನ್ನು ಎರಡು ಮಾಡಿದರು. ಮೊದಲು ಅಲೊಕೇಟ್ (ಮೆಮೊರಿಯಲ್ಲಿ ಜಾಗ ಮಾಡುವುದು), ಆಮೇಲೆ ರಿಜಿಸ್ಟರ್. ಕಾರಣ ಸರಿಯೇ ಇದೆ, ಸುಮ್ನೆ ಬೈಯಬಾರದು. ಹಳೇ ಪದ್ಧತಿಯಲ್ಲಿ ಗಡಿಯಾರ ಇನ್ನೂ ತಯಾರಾಗುವ ಮೊದಲೇ ಇಂಟರಪ್ಟ್ (ಚಿಪ್ ಕೊಡುವ ತುರ್ತು ಸಂಕೇತ) ಬಂದು ಎಡವಟ್ಟಾಗುವ ಸಾಧ್ಯತೆ ಇತ್ತು.

ಸರಿ, ಬದಲಾಯಿಸಿದೆ. ಕಂಪೈಲ್ ಅರ್ಧಕ್ಕೆ ಬಂದಾಗ ಎಲ್ಲೋ ಲೈನ್ ಮೇಲೆ ಮರ ಬಿತ್ತು. ಇನ್ವರ್ಟರ್ ಕುಂಯ್ ಅಂದು ಸತ್ತಿತು. ನೆಟ್‌ವರ್ಕೂ ಅದರ ಹಿಂದೆಯೇ. ಅಮ್ಮ ಬಂದು "ತಮಾ, ಮೊದ್ಲು ಕಷಾಯ ಕುಡಿ" ಅಂದಳು. ಕುಡಿದೆ. ಈ ಡ್ರೈವರ್ ಟೆಸ್ಟ್ ಮಾಡಲು ಹೇಗೂ ಕರೆಂಟ್ ತೆಗೆಯಬೇಕು. ಶಿರಸಿಯ ಮಳೆಗಾಲದಲ್ಲಿ ಅದಕ್ಕೆ ನಾನು ಸ್ವಿಚ್ ಮುಟ್ಟುವ ಅಗತ್ಯವೇ ಇಲ್ಲ ಬಿಡಿ.

ಕರೆಂಟ್ ಬಂತು. ಬೋರ್ಡ್ ಎದ್ದು ತೋರಿಸಿದ ಟೈಮು ಲಿನಕ್ಸ್ ಎಣಿಕೆಯ ಶೂನ್ಯ: ಜನವರಿ 1, 1970, ನಮ್ಮ ದೇಶದ ಲೆಕ್ಕದಲ್ಲಿ ಬೆಳಗಿನ ಜಾವ ಐದೂವರೆ. ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು! ಲಾಗ್‌ನಲ್ಲಿ ಇದ್ದದ್ದು ಪ್ರೋಬ್ ಫೇಲ್ (ಡ್ರೈವರ್ ಶುರುವಾಗಲೇ ಇಲ್ಲ), ಎರರ್ ಮೈನಸ್ 22, ಅಷ್ಟೇ. ಏನೋ ತಪ್ಪು ಕೊಟ್ಟಿದ್ದೀಯ ಅಂತ ಅರ್ಥ. ಏನು ತಪ್ಪು? ಅದನ್ನು ಬಾಯಿ ಬಿಟ್ಟು ಹೇಳಲ್ಲ. ಸೆಲ್ ಬದಲಾಯಿಸಿದೆ. ವೈರ್ ಅಲ್ಲಾಡಿಸಿದೆ. ಚಿಪ್‌ಗೇ ಮಳೆ ಥಂಡಿ ತಾಗಿತೇನೋ ಅಂತಲೂ ಯೋಚಿಸಿದೆ. ಎರಡು ದಿನ ಹೋಯಿತು.

ಕೊನೆಗೆ ಕರ್ನಲ್ ಸೋರ್ಸೇ ತೆರೆದು ಓದಿದೆ. "ಆಪ್ಸ್ ಕೊಟ್ಟಿಲ್ಲ" ಅನ್ನುವ ಮೆಸೇಜ್ ಅಲ್ಲಿ ಇದೆ, ಆದರೆ ಡೀಬಗ್ (ದೋಷ ಹುಡುಕಲು ಬರುವ ಹೆಚ್ಚಿನ ಮೆಸೇಜು) ಆನ್ ಮಾಡಿದವರಿಗೆ ಮಾತ್ರ ಕಾಣುತ್ತದೆ! ಹಳೇ ಕರೆಯ ಜೊತೆಗೇ ಹೋಗುತ್ತಿದ್ದ ಆಪ್ಸ್ ಅನ್ನು ಈಗ ಅಲೊಕೇಟ್ ಆದ ಮೇಲೆ ನಾವೇ ಕೈಯಾರೆ ತುಂಬಬೇಕು. ನಾನು ಹಳೇ ಕರೆ ಅಳಿಸುವಾಗ ಅದೂ ಹೋಗಿತ್ತು.

ತುಂಬಿದೆ. ಟೈಮ್ ಸರಿಯಾಯಿತು. ಸೇರಿಸಿದ್ದು ಒಂದೇ ಸಾಲು. ಬೆಂಗಳೂರಿನವರಿಗೆ ಇದೊಂದನ್ನು ಮಾತ್ರ ನಾನು ಸತ್ತರೂ ಹೇಳಲ್ಲ.