ಬೇರು ಬೆಂಗಳೂರಿಗೆ, ಹೂವು ಒಹಾಯೊಗೆ

ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಯಲ್ಲಿ ‘ಎಂಬತ್ತು-ಇಪ್ಪತ್ತು ಕೊಡಿ’ ಅಂದರೆ ಸಾಕು. ಆ ಇಪ್ಪತ್ತು ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ, ನೂರರಲ್ಲಿ ಇಪ್ಪತ್ತು ಪಾಲು ಚಿಕೋರಿ, ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ. ಆದರೆ ಚಿಕೋರಿಗೆ ಹೂವಿದೆ, ಅದೂ ಆಕಾಶನೀಲಿ ಹೂವು ಅಂತ ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಗೊತ್ತು? ಬಸವನಗುಡಿಯಲ್ಲೇ ಬೆಳೆದ ನಾನು ಅದನ್ನು ನೋಡಿದ್ದು ಅಮೆರಿಕದ ಒಹಾಯೊಗೆ ಬಂದ ಮೇಲೆ.

ಇಲ್ಲಿ ಜುಲೈ ಬಂತೆಂದರೆ ಹೆದ್ದಾರಿ ಬದಿ, ಪಾರ್ಕಿಂಗ್ ಜಾಗದ ಬಿರುಕು, ರೈಲು ಹಳಿಯ ಜಲ್ಲಿ, ಎಲ್ಲ ಕಡೆ ಚಿಕೋರಿ. ಯಾರೂ ಬಿತ್ತಿದ್ದಲ್ಲ. ಹಿಂದೆ ಯುರೋಪಿನಿಂದ ಬಂದವರ ಜೊತೆ ಬಂದು, ಸುಮ್ನೆ ಹಬ್ಬಿಕೊಂಡಿದೆ. ಒರಟು ಕಡ್ಡಿಗೆ ಅಂಟಿಕೊಂಡಂತೆ ಹೂ ಬಿಡುತ್ತದೆ. ಪ್ರತಿ ಎಸಳಿನ ತುದಿಯಲ್ಲಿ ಐದು ಪುಟ್ಟ ಹಲ್ಲು. ಬೆಳಿಗ್ಗೆ ಅರಳಿ, ಬಿಸಿಲೇರಿದರೆ ಮಧ್ಯಾಹ್ನಕ್ಕೇ ಮುದುಡುತ್ತದೆ. ಲೇಟಾಗಿ ಏಳುವವರಿಗೆ ಬರೀ ಕಡ್ಡಿಯೇ ಗತಿ.

ಹೆಸರಿಗೇನೂ ಬರವಿಲ್ಲ. ಬ್ಲೂ ಸೇಲರ್ಸ್, ಸಕರಿ, ಕಾಫಿವೀಡ್. ಜರ್ಮನ್ನರಿಗೆ ಇದು ವೆಗ್‌ವಾರ್ಟೆ, ದಾರಿ ಕಾಯುವವಳು. ಪ್ರಿಯನಿಗಾಗಿ ರಸ್ತೆ ಬದಿ ಕಾದು ಕಾದು ಹೂವಾದ ಹುಡುಗಿಯ ಕಥೆಯೂ ಇದೆ. ನಮ್ಮ ಯುನಾನಿ ವೈದ್ಯರಿಗೆ ಕಾಸ್ನಿ.

ಇಷ್ಟು ಹೆಸರಿಟ್ಟ ಇಲ್ಲಿನವರು ಅದನ್ನು ಕುಡಿಯುವುದು ಅಪರೂಪ. ನ್ಯೂ ಆರ್ಲಿಯನ್ಸ್ ಕಡೆಯವರು ಮಾತ್ರ ಬಿಟ್ಟಿಲ್ಲ. 1861-65ರ ಅಂತರ್ಯುದ್ಧದಲ್ಲಿ ಕಾಫಿ ಸಿಗದೆ ಅಲ್ಲಿ ಆ ರೂಢಿ ಗಟ್ಟಿಯಾಯಿತು. ನಾವೋ, ದಿನಾ ಕುಡಿಯುತ್ತೇವೆ, ಗಿಡದ ಮುಖ ನೋಡಿಲ್ಲ. ನೋಡುವುದಾದರೂ ಹೇಗೆ? ಬೆಳೆಯುವುದು ಗುಜರಾತ್, ಉತ್ತರ ಪ್ರದೇಶದಲ್ಲಿ. ಅಲ್ಲೂ ಹೂ ಬಿಡುವ ಮೊದಲೇ ಬೇರು ಅಗೆದು, ಒಣಗಿಸಿ, ಹುರಿಯುತ್ತಾರೆ.

ಅದು ಬಿಡಿ. ನನ್ನ ತಕರಾರು ಬೇರೆ. ಊರಿಗೆ ಬಂದಾಗ ಹೊಸ ಕೆಫೆಗಳಲ್ಲಿ ‘ನಾವು ಚಿಕೋರಿ ಹಾಕಲ್ಲ’ ಅನ್ನುವ ಬಡಾಯಿ ಕೇಳುತ್ತೇನೆ. ಏನೋ ಕಲಬೆರಕೆ ಅನ್ನುವ ಧಾಟಿ. ಹೇಳದೆ ಬೆರೆಸಿದರೆ ಮೋಸ, ಒಪ್ಪುತ್ತೇನೆ. ಆದರೆ ಕಾನೂನೇ ಶೇ. 49ರವರೆಗೆ ಬಿಟ್ಟಿದೆ, ಎಷ್ಟು ಬೆರೆಸಿದೆ ಅಂತ ಪೊಟ್ಟಣದ ಮೇಲೆ ಹಾಕಬೇಕು, ಅಷ್ಟೇ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿಗಿಂತ ಜಾಸ್ತಿ ಸಾರ ನೀರಿಗೆ ಬಿಡುತ್ತದೆ, ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ. ಅರ್ಧ ಲೋಟ ಹಾಲು ಸುರಿಯುವವರು ನಾವು, ಅದು ಬೇಕಲ್ವಾ? ಹಾಲಿಲ್ಲದ ಕಾಫಿ ಕುಡಿಯುವವರು ಬೇಕಾದರೆ ‘ಪ್ಯೂರ್’ ತಗೊಳ್ಳಲಿ.

ಹಾಗಂತ ಎಷ್ಟಾದರೂ ಹಾಕಿ ಅಂತಲ್ಲ. ನನಗೆ 80-20 ಸರಿ, 70-30 ಪರವಾಗಿಲ್ಲ. ಅದಕ್ಕೂ ಮೇಲೆ ಹೋದರೆ ಅತಿಥಿಗೆ ಕೊಡುವ ಮೊದಲು ಒಂದು ಮಾತು ಹೇಳಿಬಿಡಿ.