ಹೈಫಾದ ಗೆಲುವು ನಮ್ಮದೇ?

ಹೈಫಾ ವಿಜಯದ ದಿನವನ್ನು ನಾವು ಆಚರಿಸಬೇಕೇ?

ಪರ

ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವಿನ ಇಕ್ಕಟ್ಟಾದ ದಾರಿಯ ಕೊನೆಗೆ ಇಂದಿನ ಇಸ್ರೇಲಿನ ಹೈಫಾ ಬಂದರು. ಮೊದಲ ಮಹಾಯುದ್ಧದ ವೇಳೆ, 1918ರ ಸೆಪ್ಟೆಂಬರ್ 23ರಂದು ಬೆಟ್ಟದ ಮೇಲೆ ಶತ್ರುಗಳ ಫಿರಂಗಿಗಳಿದ್ದವು, ತಪ್ಪಲಿನಲ್ಲಿ ಮಷೀನ್ ಗನ್ನುಗಳಿದ್ದವು. ಮೇಲೆರಗಿದವರ ಕೈಯಲ್ಲಿದ್ದದ್ದು ಈಟಿ ಮತ್ತು ಲಗಾಮು. ಬ್ರಿಟಿಷರ ಪರ ಹೋರಾಡುತ್ತಿದ್ದ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಡಿದಾದ ಏರು ಹತ್ತಿ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದ ಸವಾರರು ಕೆಳಗಿನಿಂದ ನುಗ್ಗಿದರು. ನದಿಯ ದಂಡೆಯ ಮರಳು ಕುದುರೆಗಳನ್ನು ಹಿಡಿದುಕೊಂಡಾಗ ಗುಂಡಿನ ಮಳೆಯಲ್ಲೇ ಎಡಕ್ಕೆ ಹೊರಳಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಅದೇ ದಿನ ಊರು ಕೈಸೇರಿತು, 1,300ಕ್ಕೂ ಹೆಚ್ಚು ತುರ್ಕಿ ಮತ್ತು ಜರ್ಮನ್ ಸೈನಿಕರು ಸೆರೆಸಿಕ್ಕರು.

ಇದು ಬ್ರಿಟಿಷರ ಯುದ್ಧ, ನಮಗೇನು ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆ ಕಾಲದ ಬ್ರಿಟಿಷ್ ಇಂಡಿಯಾ ಸೇನೆಯಲ್ಲಿ ಭಾರತೀಯನೊಬ್ಬ ದಂಡನಾಯಕನಾಗುವುದು ಕನಸಿನ ಮಾತು. ಸಂಸ್ಥಾನದ ಪಡೆ ಹಾಗಿರಲಿಲ್ಲ. ಸಲಹೆಗೆಂದು ಬ್ರಿಟಿಷ್ ಅಧಿಕಾರಿಗಳು ಜೊತೆಗಿದ್ದರು, ನಿಜ. ಆದರೆ ಸವಾರರನ್ನು ಮುಂದೆ ನಿಂತು ನಡೆಸಿದವರು ನಮ್ಮವರು. ಆ ಪರಂಪರೆ ಕಡಿದುಹೋಗಿಲ್ಲ. ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ 1953ರಲ್ಲಿ ಕಟ್ಟಿದ ಭಾರತೀಯ ಸೇನೆಯ 61ನೇ ಅಶ್ವದಳ ಇಂದಿಗೂ ಹೈಫಾ ದಿನವನ್ನು ಆಚರಿಸುತ್ತದೆ. ಸೈನಿಕರಿಗಿಲ್ಲದ ಮುಜುಗರ ನಮಗೇಕೆ?

ವಿರೋಧ

ಆ ಏರು ಹತ್ತಿದವರ ಗುಂಡಿಗೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗೆದ್ದ ಮೇಲೆ ಹೈಫಾದಲ್ಲಿ ಗಂಡಭೇರುಂಡ ಹಾರಿತೇ? ಹಾರಿದ್ದು ಯೂನಿಯನ್ ಜ್ಯಾಕ್, ಬ್ರಿಟಿಷರು ಅಲ್ಲಿಂದ ಹೊರಟದ್ದು 1948ರಲ್ಲಿ. ಊರು ಯಾರದೋ, ಗೆದ್ದುಕೊಟ್ಟದ್ದು ಇನ್ಯಾರಿಗೋ.

ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ನಾಲ್ವಡಿಯವರ ಮೇಲೆ ನನಗೆ ಗೌರವವಿದೆ, ಆದರೂ ಆ ಹಣ ರೈತರ ಕಂದಾಯದ್ದು ಎಂದು ಹೇಳಲೇಬೇಕು. ಹೈಫಾ ಬಿದ್ದ ಅದೇ ದಿನಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಇನ್‌ಫ್ಲುಯೆಂಜಾ ಮನೆಮನೆಯ ಹೆಣ ಎತ್ತಿಸುತ್ತಿತ್ತು. ಅದಕ್ಕೊಂದು ದಿನಾಚರಣೆಯಿಲ್ಲ.

ದೇಶಕ್ಕೆ ಸಿಕ್ಕ ಪ್ರತಿಫಲವನ್ನೂ ನೋಡಿ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧದಲ್ಲಿ ದುಡಿದರು, ಸತ್ತವರು ಸುಮಾರು 74,000. ಹೈಫಾ ಗೆದ್ದು ಏಳು ತಿಂಗಳೂ ಕಳೆದಿರಲಿಲ್ಲ, 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಅಲ್ಲಿ ಹುಕುಂ ಕೊಟ್ಟವನು ಬಿಳಿಯ, ಬಂದೂಕು ಹಿಡಿದವರು ಗೂರ್ಖಾ, ಬಲೂಚಿ ಸಿಪಾಯಿಗಳು. ಸೇನೆಯ ನಿಷ್ಠೆಯನ್ನಷ್ಟೇ ಕೊಂಡಾಡುವವರು ಈ ಪುಟವನ್ನು ಮಗುಚಿಹಾಕಿ ಮುಂದೆ ಹೋಗುತ್ತಾರೆ.

ಇನ್ನು 2018ರಲ್ಲಿ, ಇಸ್ರೇಲಿನ ಪ್ರಧಾನಿ ಬಂದಿಳಿದ ದಿನವೇ, ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಅಂಟಿಕೊಂಡಿತು. ಸವಾರರು ಪ್ರಾಣ ಬಿಟ್ಟಾಗ ಇಸ್ರೇಲ್ ಎಂಬ ದೇಶವೇ ಇರಲಿಲ್ಲ. ಆ ಚೌಕದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಸವಾರರವು. ಮೈಸೂರಿನಿಂದ ಹೋಗಿ ಮರಳದವರ ಹೆಸರುಗಳನ್ನು ಸೆಪ್ಟೆಂಬರ್ 23ರಂದು ಗಟ್ಟಿಯಾಗಿ ಓದಲಿ, ನಾನೂ ಎದ್ದು ನಿಲ್ಲುತ್ತೇನೆ. ವಿಜಯೋತ್ಸವದ ಆಮಂತ್ರಣ ಪತ್ರಿಕೆ ಮಾತ್ರ ನನಗೆ ಬೇಡ.