ವೈಫೈಗಾಗಿ ಮಡಿ ಸಡಿಲಿಸಬಹುದೇ?

ಉಡುಪಿ ಹತ್ತಿರದ ನಮ್ಮ ಯುವಕ ಮಂಡಲಕ್ಕೆ ಮೊನ್ನೆ ಆರು ಹಳೇ ಲ್ಯಾಪ್‌ಟಾಪ್ ಬಂದವು. ಒಂದು ಕಚೇರಿಯವರು ಹೊಸದು ತೆಗೆದುಕೊಂಡು ಹಳತನ್ನು ಕೊಟ್ಟದ್ದು. ವಿಂಡೋಸ್ ಬದಲು ಲಿನಕ್ಸ್ ಹಾಕುವುದು ಎಂದು ಸಭೆಯಲ್ಲಿ ಬೇಗ ಒಪ್ಪಿಗೆಯಾಯಿತು. ಜಗಳ ಶುರುವಾದದ್ದು ಆಮೇಲೆ. ಆರರಲ್ಲೂ ಇರುವುದು ಇಂಟೆಲ್ ವೈಫೈ ಚಿಪ್. ಅದು ಓಡಬೇಕಾದರೆ ಕಂಪನಿ ಕೊಡುವ ಫರ್ಮ್‌ವೇರ್ ಫೈಲ್, ಅಂದರೆ ಚಿಪ್ಪಿನೊಳಗೆ ಓಡುವ ಪುಟ್ಟ ತಂತ್ರಾಂಶ, ಬೇಕು. ಆ ಫೈಲಿನ ಸೋರ್ಸ್ ಕೋಡ್, ಅಂದರೆ ಓದಿ ತಿದ್ದಲು ಬರುವ ಮೂಲ ಬರಹ, ನಮಗೆ ಸಿಗುವುದಿಲ್ಲ. ಉಳಿದದ್ದೆಲ್ಲ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ, ಇದೊಂದು ಮಾತ್ರ ಬೀಗ ಹಾಕಿದ್ದು. ಹಾಕೋಣವೋ ಬೇಡವೋ? ಎರಡೂ ಕಡೆಯ ವಾದ ನಾನೇ ಬರೆಯುತ್ತೇನೆ ಎಂದೆ. ಎರಡೂ ಕಡೆ ನಾನೇ ನಿಂತದ್ದುಂಟು.

ಪರ: ಹಾಕೋಣ, ಮಕ್ಕಳು ಕಾಯುತ್ತಿದ್ದಾರೆ

ಆ ಸಂಜೆ ನನ್ನ ಬಳಿ ಇದ್ದದ್ದು ಲಿನಕ್ಸಿನ ಒಂದು ಬಗೆಯಾದ ಡೆಬಿಯನ್‌ನ ಹಳೇ 11ನೇ ಆವೃತ್ತಿಯ ಪೆನ್‌ಡ್ರೈವ್. ಸಿಕ್ಕಿಸಿದೆ. ನಾಲ್ಕು ಪ್ರಶ್ನೆ ಕೇಳಿ ಅದು ನಿಂತಿತು. ಬಾಯಿಗೆ ಬಾರದ ಉದ್ದ ಹೆಸರಿನ ಒಂದು ಫೈಲ್ ಬೇಕು, ಬೇರೆ ಪೆನ್‌ಡ್ರೈವಿನಲ್ಲಿ ತಂದುಕೊಡಿ ಎಂದಿತು. ಫೈಲ್ ತರಲು ನೆಟ್ ಬೇಕು, ನೆಟ್ ಬರಲು ಫೈಲ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಪಕ್ಕದಲ್ಲಿ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿ ಕೇಳಿದಳು, "ಅಣ್ಣ, ಇದು ಹಾಳಾಗಿದೆಯಾ?"

ಕೊನೆಗೆ ನನ್ನ ಮೊಬೈಲನ್ನೇ ವೈರಿನಲ್ಲಿ ಸಿಕ್ಕಿಸಿ ನೆಟ್ ತಂದೆ. ಆದರೆ ಆರು ಲ್ಯಾಪ್‌ಟಾಪಿಗೆ ದಿನಾ ಆರು ಮೊಬೈಲ್ ಕಟ್ಟಿಹಾಕಲು ಆಗುತ್ತದಾ? ನಾನು ಇಲ್ಲದ ದಿನ ಯಾರು ನೋಡುವುದು?

ಡೆಬಿಯನ್‌ನವರು ಬಹಳ ಕಾಲದಿಂದ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟಿನವರು. ಅವರೇ 2022ರಲ್ಲಿ ತಮ್ಮೊಳಗೆ ಮತ ಹಾಕಿ, ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್ ಒಳಗೇ ಇಡಬಹುದು ಎಂದು ತೀರ್ಮಾನಿಸಿದರು. 2023ರ ಡೆಬಿಯನ್ 12ರಿಂದ ಅದು ಜಾರಿಯಲ್ಲಿದೆ. ಸುಮ್ನೆ ಮನಸ್ಸು ಬದಲಾದದ್ದಲ್ಲ. ಈಗಿನ ಎಷ್ಟೋ ಸೌಂಡ್ ಚಿಪ್‌ಗಳಿಗೂ ಫರ್ಮ್‌ವೇರ್ ಬೇಕು. ಕಣ್ಣು ಕಾಣದವರು ಲಿನಕ್ಸ್ ಹಾಕಿಕೊಳ್ಳುವುದು ಕಂಪ್ಯೂಟರ್ ಓದಿ ಹೇಳುವುದನ್ನು ಕೇಳಿಕೊಂಡು. ಸೌಂಡೇ ಬಾರದಿದ್ದರೆ ಅವರು ಬಾಗಿಲಲ್ಲೇ ಬಾಕಿ.

ಉಡುಪಿಯವನಾಗಿ ಮಡಿಯ ಮಾತು ತೆಗೆಯದೆ ಇರಲು ಆಗುವುದಿಲ್ಲ ನೋಡಿ. ಅದೇ ಬೀಗದ ಕೋಡನ್ನು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಕೂರಿಸಿ ಕಳಿಸಿದರೆ, ಸ್ವತಂತ್ರ ತಂತ್ರಾಂಶ ಬಿಟ್ಟು ಬೇರೆ ಮುಟ್ಟೆವು ಎನ್ನುವ ಕಟ್ಟಾ ಮಡಿಯವರೂ ಸುಮ್ಮನಿರುತ್ತಾರೆ. ಡಿಸ್ಕಿನಿಂದ ಕೊಟ್ಟರೆ ಮಾತ್ರ ಮೈಲಿಗೆ. ಇದು ಯಾವ ಲೆಕ್ಕ ಮಾರಾಯ್ರೆ?

ತಲಪಾಡಿ ದಾಟಿದರೆ ಕೇರಳದ ಕಾಸರಗೋಡು ಜಿಲ್ಲೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ, ಕನ್ನಡ ಮೀಡಿಯಂನಲ್ಲೂ, ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸಿನಲ್ಲೇ ಐಟಿ ಕಲಿಯುತ್ತಿದ್ದಾರೆ. ಅದು ಲಿನಕ್ಸಿನ ಇನ್ನೊಂದು ಬಗೆಯಾದ ಉಬುಂಟು ಮೇಲೆ ಕಟ್ಟಿದ್ದು, ಪೂರ್ತಿ ಮಡಿಯದ್ದಲ್ಲ. ಮಡಿಗೆಂದು ಕಾದಿದ್ದರೆ ಆ ಮಕ್ಕಳ ಕೈಗೆ ಏನು ಸಿಗುತ್ತಿತ್ತು? ಕದ್ದ ವಿಂಡೋಸ್, ಅಷ್ಟೇ.

ವಿರೋಧ: ಬೇಡ, ಈ ಹೊಂಡಕ್ಕೆ ನಾವು ಒಮ್ಮೆ ಬಿದ್ದಿದ್ದೇವೆ

ಹೋದ ವರ್ಷ ನಮ್ಮೂರ ದೇವಸ್ಥಾನದವರು ಒಂದು ಸಿಡಿ ತಂದುಕೊಟ್ಟರು. ಇಪ್ಪತ್ತು ವರ್ಷ ಹಿಂದಿನ ಬ್ರಹ್ಮಕಲಶದ ಸ್ಮರಣ ಸಂಚಿಕೆ. ಈಗ ನಮ್ಮ ಜೊತೆ ಇಲ್ಲದ ಹಿರಿಯರು ಬರೆದ ಊರಿನ ಕತೆಗಳೆಲ್ಲ ಅದರಲ್ಲಿ ಇದ್ದವಂತೆ. ಫೈಲ್ ತೆರೆದರೆ ಕನ್ನಡವೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಸೊಟ್ಟ ಗೀಟು, ಚುಕ್ಕಿ, ನಡುನಡುವೆ ಪೌಂಡಿನ ಗುರುತು. ಟೈಪ್ ಮಾಡಿದ ಡಿಟಿಪಿ ಅಂಗಡಿ ಮುಚ್ಚಿದೆ. ಯಾವ ಫಾಂಟ್ ಎಂದು ಹೇಳುವವರಿಲ್ಲ. ಒಂದೊಂದೇ ಹಳೇ ಫಾಂಟ್ ಹಾಕಿ ನೋಡುತ್ತಾ ಮೂರು ರಾತ್ರಿ ಕೂತೆ. ಅರ್ಧ ಓದಲು ಬಂತು. ಒತ್ತಕ್ಷರಗಳು ಕೊನೆಗೂ ಸರಿಯಾಗಲಿಲ್ಲ.

ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬಳಕೆಗೆ ಬರುವ ಮೊದಲು ಕಂಪನಿಗೊಂದು ಕನ್ನಡ ಇತ್ತು. ಒಬ್ಬರ ಫಾಂಟಿನಲ್ಲಿ ಹೊಡೆದದ್ದು ಇನ್ನೊಬ್ಬರದ್ದರಲ್ಲಿ ಓದಲು ಬರುತ್ತಿರಲಿಲ್ಲ. ಅವತ್ತಿನವರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು: ಕೆಲಸ ಆಗಬೇಕಲ್ವಾ, ಸದ್ಯಕ್ಕೆ ಇದು ಸಾಕು. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಹಾಗೆ ಮಾಡಲಿಲ್ಲ. ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸಕ್ಕೆ ಬೀಗ ಹಾಕಲಿಲ್ಲ. ಅದು ನುಡಿ ತಂತ್ರಾಂಶಕ್ಕೆ ಬಂತು, ಇವತ್ತು ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಲ್ಲಿ ಉಂಟು. ನಾನು ಇದನ್ನು ಟೈಪ್ ಮಾಡುತ್ತಿರುವುದೂ ಅದರಲ್ಲೇ.

ವೈಫೈ ಫೈಲಿಗೂ ಫಾಂಟಿಗೂ ಎಂತ ಸಂಬಂಧ ಎಂದು ಕೇಳಬಹುದು. ಅದರಿಂದ ಯಾರ ಲೇಖನವೂ ಕೆಡುವುದಿಲ್ಲ, ಒಪ್ಪಿದೆ. ಆದರೆ ಅದರಲ್ಲಿ ತೂತು ಕಂಡರೆ ಮುಚ್ಚಬೇಕಾದವರು ಕಂಪನಿಯವರೇ. ಹಳೇ ಚಿಪ್ಪಿನ ಮೇಲೆ ಅವರಿಗೆ ಆಸಕ್ತಿ ಹೋದರೆ ನಮ್ಮ ಆರೂ ಲ್ಯಾಪ್‌ಟಾಪ್ ಹಾಗೇ ಉಳಿಯುತ್ತವೆ. ಚಿಪ್ಪಿನೊಳಗೆ ಕೂರಿಸಿದ್ದನ್ನು ಯಾರೂ ಬದಲಿಸುವಂತಿಲ್ಲ, ಕಂಪನಿಯೂ. ಡಿಸ್ಕಿನದ್ದನ್ನು ಅವರು ಬದಲಿಸಬಹುದು, ನಾವು ಬದಲಿಸುವಂತಿಲ್ಲ. ಮಡಿಯ ಲೆಕ್ಕ ಇದು.

ಸ್ವತಂತ್ರ ತಂತ್ರಾಂಶ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶ ಯೋಜನೆ ಸಾರುವ ಮೊದಲು ಅವರನ್ನು ಕೆರಳಿಸಿದ್ದೂ ಇಂಥದ್ದೇ ಸಣ್ಣ ವಿಷಯ. ಅವರ ಲ್ಯಾಬಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಿಕ್ಕಿದಾಗ ಎಲ್ಲರಿಗೂ ಸುದ್ದಿ ಹೋಗುವ ಹಾಗೆ ಮಾಡಲು ಸೋರ್ಸ್ ಕೋಡ್ ಕೇಳಿದರು. ಕೊಡಲಿಲ್ಲ.

ದಾರಿ ಇಲ್ಲದೆ ಇಲ್ಲ. ಅಥೆರಾಸ್ ಕಂಪನಿಯ ಎಆರ್9271 ಚಿಪ್ಪಿನ ಯುಎಸ್‌ಬಿ ವೈಫೈ ಕಡ್ಡಿಗಳಿವೆ. ಅದರ ಫರ್ಮ್‌ವೇರಿನ ಸೋರ್ಸ್ ಕೋಡ್ 2013ರಲ್ಲಿ ಹೊರಬಂತು. ಬೇಕು ಎಂದು ಪಟ್ಟು ಹಿಡಿದವರು ಇದ್ದದ್ದಕ್ಕೆ ಬಂತು. ವೇಗ ಕಡಿಮೆ, ಹಳೇ ಕಾಲದ್ದು, ಆದರೆ ಪಾಠ ಓದಲು ಧಾರಾಳ ಸಾಕು. ಅದೂ ದುಬಾರಿ ಎನಿಸಿದರೆ ಲ್ಯಾನ್ ವೈರ್ ಎಳೆಯೋಣ. ಕೋಣೆ ಇರುವುದು ಎಷ್ಟು ದೊಡ್ಡದು, ಕೇರಂ ಬೋರ್ಡ್ ಇಟ್ಟರೆ ನಡೆಯಲು ಜಾಗ ಇಲ್ಲ.

ಆ ಹುಡುಗಿಯ ಪ್ರಶ್ನೆಗೆ ಅವತ್ತು ನಾನು "ಹೌದು, ಸ್ವಲ್ಪ ಪ್ರಾಬ್ಲಮ್" ಎಂದುಬಿಟ್ಟೆ. ಹಾಳಾಗಿಲ್ಲ ಮಗಾ, ಬೀಗ ಹಾಕಿದ್ದಾರೆ, ಕೀಲಿ ಅವರ ಹತ್ತಿರ ಉಂಟು ಎನ್ನಬೇಕಿತ್ತು.